ಅಮ್ಮು ಅಕ್ಕ ಹೊತ್ತು ತಂದ ಮಣ್ಣು

ನಮ್ಮ ಓಣಿಯ ತಾರಸಿಗಳ ಮೇಲೆ ಈಗ ಬೆಂಡೆ, ಬದನೆ, ಅಲಸಂಡೆ ಬೆಳೆಯುತ್ತವೆ. ಕಾಸರಗೋಡು ಪೇಟೆಯ ಬೇರೆ ವಾರ್ಡುಗಳಿಂದ ಹೆಂಗಸರು ಗುಂಪು ಕಟ್ಟಿಕೊಂಡು ನೋಡಲು ಬರುತ್ತಾರೆ. ಅವರಿಗೆ ಚೀಲಗಳನ್ನು ತೋರಿಸುತ್ತೇವೆ, ಹೋಗುವಾಗ ಒಂದು ಹಿಡಿ ಬೆಂಡೆ ಕೊಯ್ದು ಕೊಡುತ್ತೇವೆ. ಅಮ್ಮು ಅಕ್ಕನ ಮನೆಯ ತಾರಸಿಗೆ ಮಾತ್ರ ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ. ಅಲ್ಲಿ ನೋಡಲು ಏನೂ ಇಲ್ಲ. ಆದರೆ ನಗರಸಭೆಯ ಈ ತರಕಾರಿ ಯೋಜನೆ ನಮ್ಮ ವಾರ್ಡಿನಲ್ಲಿ ಉಳಿದದ್ದು ಅವರ ಒಂದು ಮಾತಿನಿಂದ. ಆ ಮಾತು ಹೇಳಲು ಅವರಿಗೆ ಎಷ್ಟು ಕಷ್ಟವಾಗಿತ್ತು ಎಂಬುದು ಓಣಿಯವರಿಗೆ ಗೊತ್ತು, ಹೊರಗಿನವರಿಗೆ ಗೊತ್ತಿಲ್ಲ.

ಅಮ್ಮು ಅಕ್ಕನ ಮೊದಲಿನ ಮನೆ ನಮ್ಮ ಓಣಿಯ ಹತ್ತಿರವೇ, ಹೆದ್ದಾರಿಗೆ ಅಂಟಿಕೊಂಡು ಇತ್ತು. ನಾನು ಆಗಲೇ ಅಲ್ಲಿಗೆ ಹೋಗಿ ಬರುತ್ತಿದ್ದೆ. ಹಂಚಿನ ಮನೆ, ಹಿಂದೆ ಸಣ್ಣ ಹಿತ್ತಿಲು. ಗಂಡ ವಾಸಪ್ಪಣ್ಣ ಪೇಟೆಯ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಮಿಲ್ಲಿನ ಹಿಂಡಿ ಹಿತ್ತಿಲಿನ ಗಿಡಗಳ ಬುಡಕ್ಕೆ ಬರುತ್ತಿತ್ತು, ಹಿತ್ತಿಲಿನ ತರಕಾರಿ ಮಿಲ್ಲಿನವರ ಊಟಕ್ಕೆ ಹೋಗುತ್ತಿತ್ತು. ಆ ಹಿತ್ತಿಲಿನ ಪಡುವಲಕಾಯಿ ನಾನು ಬೇರೆಲ್ಲೂ ನೋಡಿಲ್ಲ. ಗಿಡ್ಡ ಜಾತಿ, ಮೈಮೇಲೆ ಬಿಳಿ ಗೆರೆ, ಬೇಯಿಸಿದರೆ ನೀರು ಬಿಡುತ್ತಿರಲಿಲ್ಲ.

ಅದರ ಬಿತ್ತು ಬಂದದ್ದು ಮುಳ್ಳೇರಿಯದ ಹತ್ತಿರ ಅವರ ತಾಯಿಮನೆಯಿಂದ. ಚೊಚ್ಚಲ ಹೆರಿಗೆಗೆಂದು ಅಲ್ಲಿಗೆ ಹೋದ ಅಮ್ಮು ಅಕ್ಕ ಮಗುವಿಲ್ಲದೆ ಹಿಂದೆ ಬಂದರು. ಹೊರಡುವಾಗ ತಾಯಿ ಒಂದು ಬಟ್ಟೆಯ ಗಂಟು ಕೈಗೆ ಕೊಟ್ಟು, "ಇದನ್ನು ಹಾಕು ಮಗಾ. ಬೆಳಿಗ್ಗೆ ಎದ್ದು ನೋಡ್ಲಿಕ್ಕೆ ಒಂದು ಉಂಟು ಅಂತ ಆಗ್ತದೆ" ಎಂದಿದ್ದರಂತೆ. ಮತ್ತೆ ಮಕ್ಕಳಾಗಲಿಲ್ಲ. ಪಡುವಲ ಮಾತ್ರ ವರ್ಷ ವರ್ಷವೂ ಹಬ್ಬಿತು. ತಾಯಿ ತೀರಿಹೋದ ಮೇಲೆ ಆ ಜಾತಿ ತಾಯಿಮನೆಯಲ್ಲೂ ಉಳಿಯಲಿಲ್ಲ, ಇವರ ಹಿತ್ತಿಲಿನಲ್ಲಿ ಮಾತ್ರ ಉಳಿಯಿತು.

ಪಡುವಲಕಾಯಿ ಸುರುಟಿಕೊಳ್ಳದೆ ನೇರ ಇಳಿಯಲಿ ಎಂದು ಎಳೆಯದಾಗಿರುವಾಗಲೇ ತುದಿಗೆ ಸಣ್ಣ ಕಲ್ಲು ಕಟ್ಟುತ್ತೇವೆ. ಬಿತ್ತಿಗೆಂದು ಬಿಟ್ಟ ಕಾಯಿಗೆ ಅಮ್ಮು ಅಕ್ಕ ಕಲ್ಲು ಕಟ್ಟುತ್ತಿರಲಿಲ್ಲ. ನಾನು ಒಮ್ಮೆ ಕೇಳಿದ್ದಕ್ಕೆ, "ಅದನ್ನು ಎಂತಕ್ಕೆ ಎಳೆಯುವುದು? ಅದರಷ್ಟಕ್ಕೆ ಹಣ್ಣಾಗ್ಲಿ" ಎಂದಿದ್ದರು.

ಹೆದ್ದಾರಿ ಅಗಲ ಮಾಡುವಾಗ ಮನೆಯೂ ಹೋಯಿತು, ಹಿತ್ತಿಲೂ ಹೋಯಿತು. ಆ ಸಾಲಿನವರೆಲ್ಲ ಬಾಗಿಲು, ಕಿಟಕಿ, ಪಕ್ಕಾಸು, ಹಂಚು ಬಿಚ್ಚಿ ಸಾಗಿಸಿದರು. ಅಮ್ಮು ಅಕ್ಕ ಹಿತ್ತಿಲಿನ ಮೇಲ್ಮಣ್ಣು ಕೆರೆದು ಸಿಮೆಂಟಿನ ಚೀಲಗಳಿಗೆ ತುಂಬಿಸಿದರು. ಟೆಂಪೋದಲ್ಲಿ ಅದು ನಮ್ಮ ಓಣಿಗೆ ಬಂದ ದಿನ ವಾಸಪ್ಪಣ್ಣ ಎದುರಿನ ಸೀಟಿನಿಂದ ಇಳಿದು ನನ್ನನ್ನು ನೋಡಿ ಹೇಳಿದರು:

"ನೋಡು ಈಶ್ವರಿ, ಬೇರೆಯವರ ಹೆಂಡತಿಯರು ಚಿನ್ನ ಕಟ್ಟಿಕೊಂಡು ಹೊರಡ್ತಾರೆ. ನನ್ನವಳು ಮಣ್ಣು ಕಟ್ಟಿಕೊಂಡು ಹೊರಟಿದ್ದಾಳೆ."

"ಚಿನ್ನ ಮಾಡಿಸಿ ಕೊಟ್ಟಿದ್ದರೆ ಅದನ್ನೇ ಕಟ್ಟಿಕೊಳ್ತಿದ್ದೆ" ಎಂದರು ಅಮ್ಮು ಅಕ್ಕ. ಟೆಂಪೋದವನೂ ನಕ್ಕ.

ಅವರು ಇಲ್ಲಿ ಕೊಂಡದ್ದು ಎರಡು ಕೋಣೆಯ ತಾರಸಿ ಮನೆ. ಗೇಟಿನಿಂದ ಹಿಂಬದಿಯ ಗೋಡೆಯವರೆಗೂ ಇಂಟರ್‌ಲಾಕ್ ಸಿಮೆಂಟು ಕಲ್ಲು ಹಾಸಿ ಮುಗಿದಿತ್ತು. ಇಡೀ ಓಣಿಯೇ ಹಾಗೆ. ನನ್ನ ಮನೆಯ ಮೂಲೆಯಲ್ಲಿ ಒಂದು ತೆಂಗಿನ ಮರ ಇದೆ, ಅದರ ಬುಡದಲ್ಲಿ ಮಾತ್ರ ಒಂದಿಷ್ಟು ನೆಲ ಕಾಣುತ್ತದೆ. ಅಮ್ಮು ಅಕ್ಕ ಮಣ್ಣಿನ ಚೀಲಗಳನ್ನು ತಾರಸಿಗೆ ಹತ್ತಿಸಿ ಟರ್ಪಾಲು ಮುಚ್ಚಿದರು. ಬಿತ್ತು ಬೂದಿಯಲ್ಲಿ ಕಲಸಿ ಭರಣಿಯಲ್ಲಿತ್ತು. ಆದರೆ ಬಿಸಿಲಿಗೆ ಸಿಮೆಂಟಿನ ಚೀಲ ಹರಿದು ಹೋಗುತ್ತಿತ್ತು, ಗಿಡ ನಿಲ್ಲುತ್ತಿರಲಿಲ್ಲ. ಒಂದೊಂದೇ ಮಳೆಗಾಲ ಕಳೆಯುತ್ತ ಭರಣಿಯ ಬಿತ್ತು ಹಳತಾಗುತ್ತ ಬಂತು. ಪಡುವಲದ ಬಿತ್ತು ಬಹಳ ಕಾಲ ಇಟ್ಟರೆ ಮೊಳೆಯುವುದಿಲ್ಲ. ಅದು ಅವರಿಗೆ ಗೊತ್ತಿತ್ತು.

ಆಗ ಬಂದದ್ದು ನಗರಸಭೆಯ ಯೋಜನೆ.

ಅಂಗನವಾಡಿಯಲ್ಲಿ ವಾರ್ಡ್ ಸಭೆ ಕರೆದರು. ನಮ್ಮ ಕೌನ್ಸಿಲರ್ ಹರಿಣಾಕ್ಷಿ ನಾವೆಲ್ಲ ಎತ್ತಿ ಆಡಿಸಿದ ಹುಡುಗಿ. ಕೃಷಿ ಇಲಾಖೆಯ ವೆಂಕಟಕೃಷ್ಣ ಎಂಬ ಆಫೀಸರು ಅವಳ ಪಕ್ಕ ಕುಳಿತಿದ್ದರು. ಪೇಟೆಯಲ್ಲಿ ನೆಲ ಇಲ್ಲದವರು ತಾರಸಿಯ ಮೇಲೆ ತರಕಾರಿ ಮಾಡಬೇಕು, ಚೀಲ, ಗಿಡ, ಗೊಬ್ಬರ ನಗರಸಭೆಯಿಂದ, ಮೊದಲು ನಮ್ಮ ಒಂದೇ ಓಣಿಯಲ್ಲಿ ಮಾಡಿ ನೋಡುವುದು, ಸರಿಯಾದರೆ ವಾರ್ಡಿಗೆಲ್ಲ, ಮತ್ತೆ ಪೇಟೆಗೆಲ್ಲ ಎಂದು ಅವಳು ವಿವರಿಸಿದಳು.

"ಇದು ಇನ್ನೂ ಅರ್ಧ ಬೆಂದ ಅನ್ನ. ಹೇಗೆ ಮಾಡುವ ಅಂತ ನೀವೇ ಹೇಳ್ಬೇಕು" ಎಂದಳು.

ತಾರಸಿ ಸೋರಿದರೆ ಯಾರು ಜವಾಬ್ದಾರಿ ಎಂದು ಒಬ್ಬಳು ಕೇಳಿದಳು. ಬಾಡಿಗೆ ಮನೆಯವರಿಗೂ ಉಂಟಾ ಎಂದು ಇನ್ನೊಬ್ಬಳು. ಮಂಗ ಬಂದರೆ ಎಂತ ಮಾಡುವುದು ಎಂದು ಭುಜಂಗನ ಹೆಂಡತಿ ಕೇಳಿದಾಗ ಹಿಂದಿನಿಂದ ಯಾರೋ, "ನಿಮ್ಮಲ್ಲಿ ಈಗಲೇ ಒಂದು ಉಂಟಲ್ಲ, ಅದು ಓಡಿಸ್ತದೆ ಬಿಡಿ" ಎಂದರು. ಬಾಗಿಲಲ್ಲಿ ನಿಂತಿದ್ದ ಭುಜಂಗ ಬೀಡಿ ಹಚ್ಚಿಕೊಂಡು ಹೊರಗೆ ಹೋದ.

ನಗು ನಿಂತ ಮೇಲೆ ಅಮ್ಮು ಅಕ್ಕ ಎದ್ದರು. "ಸಾರ್, ನೀವು ಚೀಲಕ್ಕೆ ಮಣ್ಣು ತುಂಬಿಸಿಯೇ ಕೊಡುವುದಾ?"

"ಹೌದಮ್ಮ. ಮಣ್ಣು, ಸೆಗಣಿ ಗೊಬ್ಬರ, ತೆಂಗಿನ ನಾರಿನ ಹುಡಿ, ಎಲ್ಲ ಸೇರಿಸಿ."

"ನನಗೆ ಖಾಲಿ ಚೀಲ ಕೊಟ್ಟರೆ ಸಾಕು. ಮಣ್ಣು ನನ್ನತ್ರ ಉಂಟು."

ಖಾಲಿ ಚೀಲ ಕೊಡುವ ಕ್ರಮ ಇಲ್ಲ ಎಂದು ಆಫೀಸರು ಹೇಳಿದರು. ಹರಿಣಾಕ್ಷಿ ಅವರ ಕಿವಿಯಲ್ಲಿ ಏನೋ ಹೇಳಿದಳು. ಅವರು ಅಮ್ಮು ಅಕ್ಕನನ್ನು ನೋಡಿ, "ಆಗ್ಲಿ, ಒಬ್ಬರಿಗೆ ಹಾಗೆ ಮಾಡುವ. ಆದರೆ ಚೀಲದ ಗಿಡಕ್ಕೆ ಬೆಳಿಗ್ಗೆ ಸಂಜೆ ನೀರು ತಪ್ಪಿಸಬಾರದು, ಅದೊಂದು ನೆನಪಿರಲಿ" ಎಂದರು. ಈ ಮಾತನ್ನು ಅಂದು ನಾವೆಲ್ಲರೂ ಕೇಳಿ ತಲೆಯಾಡಿಸಿದ್ದೆವು.

ಭರಣಿಯಲ್ಲಿದ್ದ ಬಿತ್ತನ್ನೆಲ್ಲ ಅಮ್ಮು ಅಕ್ಕ ಹಾಕಿಬಿಟ್ಟರು. ಮೊಳೆತದ್ದು ಒಂದು. ಮಿಕ್ಕದ್ದು ಮಣ್ಣಿನಲ್ಲೇ ಕೊಳೆಯಿತು. ಆ ಒಂದು ಮೊಳಕೆಗೆ ಅವರು ಮಾಡಿದ ಆರೈಕೆ ನೋಡಿ ವಾಸಪ್ಪಣ್ಣ, "ನನಗೆ ಜ್ವರ ಬಂದಾಗ ಇಷ್ಟು ಸಲ ಹಣೆ ಮುಟ್ಟಿ ನೋಡಿದವಳಲ್ಲ" ಎನ್ನುತ್ತಿದ್ದರು. ಆದರೆ ಬಳ್ಳಿ ಹಬ್ಬಲು ಹಗ್ಗ ಕಟ್ಟಿ ಚಪ್ಪರ ಮಾಡಿಕೊಟ್ಟವರು ಅವರೇ. ಬಳ್ಳಿ ಹೂ ಬಿಟ್ಟಿತು. ಮೊದಲ ಕಾಯಿ ಹಿಡಿದಾಗ ಅಮ್ಮು ಅಕ್ಕ ಅದಕ್ಕೆ ಕಲ್ಲು ಕಟ್ಟಲಿಲ್ಲ. ಇದು ಬಿತ್ತಿಗೆ ಎಂದರು. ಮತ್ತೆ ಬಿಟ್ಟ ಹೂಗಳನ್ನೂ ಚಿವುಟಿ ತೆಗೆದರು, ಬಳ್ಳಿಯ ಕಸುವೆಲ್ಲ ಅದೊಂದಕ್ಕೇ ಹೋಗಲಿ ಎಂದು. ಅದು ಹಣ್ಣಾಗಿ ಕೆಂಪಾದರೆ ಬಿತ್ತು ಸಿಗುತ್ತದೆ, ಓಣಿಯ ಎಲ್ಲ ಮನೆಗೂ ಕೊಡುತ್ತೇನೆ, ಇನ್ನು ನನ್ನ ಕೈಯಲ್ಲಿ ಮಾತ್ರ ಇಟ್ಟುಕೊಳ್ಳುವುದಿಲ್ಲ ಎಂದು ನನ್ನ ಹತ್ತಿರ ಹೇಳಿದ್ದರು.

ಕಾಯಿ ಬಲಿತು ಇನ್ನೂ ಹಸುರಾಗಿರುವಾಗಲೇ ಕೆಡ್ಡಸ ಬಂತು.

ಕೆಡ್ಡಸವೆಂದರೆ ಭೂಮಿತಾಯಿ ಹೊರಗಾಗುವ ಮೂರು ದಿನ. ತುಳು ಮನೆಗಳಲ್ಲಿ ಆ ದಿನಗಳಲ್ಲಿ ಯಾರೂ ಮಣ್ಣು ಅಗೆಯುವುದಿಲ್ಲ, ಹಸಿ ಗಿಡ ಕಡಿಯುವುದಿಲ್ಲ. ಹುರಿದ ಅಕ್ಕಿ, ಹುರುಳಿ ಹುಡಿ ಮಾಡಿ ಬೆಲ್ಲ, ಕಾಯಿ ಬೆರೆಸಿ ತಿನ್ನುತ್ತೇವೆ. ಮೂರು ದಿನ ಕಳೆದ ಬೆಳಿಗ್ಗೆ ಮನೆಯ ಹೆಂಗಸು ಅಂಗಳದಲ್ಲಿ ನೆಲಕ್ಕೆ ಎಣ್ಣೆ, ಅರಸಿನ ಇಟ್ಟು ನೀರು ಬಿಡುತ್ತಾಳೆ. ಅದು ಭೂಮಿಯ ಮೀಯಾಣ, ಸ್ನಾನ.

ಆ ವರ್ಷದ ಸಂಕಟ ಎಂತೆಂದರೆ, ನಮಗೆ ಅಂಗಳವಿಲ್ಲ, ತಾರಸಿಯ ಮೇಲೆ ಚೀಲ ಉಂಟು. ಚೀಲದ ಮಣ್ಣಿಗೆ ಕೆಡ್ಡಸ ಉಂಟೋ ಇಲ್ಲವೋ. ಇಂಥದ್ದನ್ನು ಗಂಡಸರ ಹತ್ತಿರ, ಅದೂ ಆಫೀಸರ ಹತ್ತಿರ ಯಾರು ಕೇಳುತ್ತಾರೆ? ಎಲ್ಲರೂ ಅಮ್ಮು ಅಕ್ಕನ ಹತ್ತಿರ ಹೋದರು. ಓಣಿಯಲ್ಲಿ ಹೆರಿಗೆ, ಸೂತಕ, ಹಬ್ಬ, ಯಾವುದಕ್ಕೂ ಕ್ರಮ ಹೇಳುವವರು ಅವರೇ.

"ಮಣ್ಣು ಅಂದ ಮೇಲೆ ಉಂಟಲ್ಲ" ಎಂದರು ಅಮ್ಮು ಅಕ್ಕ. "ಎಲ್ಲಿಟ್ಟರೂ ಅವಳು ಅವಳೇ. ನನ್ನ ತಾಯಿಮನೆಯಲ್ಲಿ ಆ ಮೂರು ದಿನ ನೀರೂ ಬಿಡ್ತಿರ್ಲಿಲ್ಲ. ಮೀಯದವಳ ತಲೆಗೆ ನೀರು ಹೊಯ್ಯುತ್ತಾರಾ?"

"ಬಿಸಿಲು ಜೋರುಂಟು ಅಕ್ಕ" ಎಂದಳು ಪೂಜಾಶ್ರೀ. ಉಪ್ಪಳದಿಂದ ಮದುವೆಯಾಗಿ ಬಂದ ಹುಡುಗಿ, ನನ್ನ ಎದುರು ಮನೆಯ ಸೊಸೆ.

"ಹಿತ್ತಿಲಲ್ಲಿ ಬಿಸಿಲು ಇರ್ಲಿಲ್ವಾ ಮಗಾ? ಗಿಡಕ್ಕೆ ಗೊತ್ತುಂಟು."

ಹಿತ್ತಿಲಿನ ಗಿಡಕ್ಕೆ ಗೊತ್ತಿತ್ತು ನಿಜ. ಅದರ ಬೇರು ಆಳಕ್ಕೆ ಇಳಿದಿರುತ್ತಿತ್ತು, ಅಡಿಯಲ್ಲಿ ತಂಪು ಇರುತ್ತಿತ್ತು. ಫೆಬ್ರವರಿಯಲ್ಲಿ ಕಾದ ಕಾಂಕ್ರೀಟಿನ ಮೇಲೆ ಕೂತ ಕಪ್ಪು ಚೀಲಕ್ಕೆ ಅಡಿಯೂ ಇಲ್ಲ, ತಂಪೂ ಇಲ್ಲ. ಅದು ನಮಗೆ ಯಾರಿಗೂ ಹೊಳೆಯಲಿಲ್ಲ. ಓಣಿಯ ಒಂದು ತಾರಸಿಯಲ್ಲೂ ನೀರಿನ ಸದ್ದಿಲ್ಲ. ಎರಡನೆಯ ದಿನ ಬದನೆ ಎಲೆಗಳು ಜೋತುಬಿದ್ದದ್ದು ಕೆಳಗಿನಿಂದಲೇ ಕಾಣುತ್ತಿತ್ತು. ವಾಸಪ್ಪಣ್ಣ ಮೆಟ್ಟಿಲಿನಲ್ಲಿ ಕೂತು, "ಒಂದು ಚೆಂಬು ಹಾಕಿದರೆ ಎಂತ ಆಗ್ತದೆ?" ಎಂದು ಕೇಳಿದರಂತೆ. ಅಮ್ಮು ಅಕ್ಕ ಚೆಂಬು ಮುಟ್ಟಲಿಲ್ಲ, ಊಟವನ್ನೂ ಮಾಡಲಿಲ್ಲ ಎಂದು ವಾಸಪ್ಪಣ್ಣ ನನಗೆ ಆಮೇಲೆ ಹೇಳಿದರು.

ಮೀಯಾಣದ ಬೆಳಿಗ್ಗೆ ಅಮ್ಮು ಅಕ್ಕ ನನ್ನನ್ನು ಕರೆದರು. ನಾವಿಬ್ಬರೂ ಎಣ್ಣೆಯ ಬಟ್ಟಲು, ಅರಸಿನ, ಒಂದು ಕೊಡ ನೀರು ಹಿಡಿದು ಮೆಟ್ಟಿಲು ಹತ್ತಿದೆವು. ಚಪ್ಪರದ ಮೇಲೆ ಬಳ್ಳಿಯ ಎಲೆಗಳು ಮುಟ್ಟಿದರೆ ಹುಡಿಯಾಗುವ ಹಾಗಿದ್ದವು. ಬಿತ್ತಿನ ಕಾಯಿ ಸುಕ್ಕುಗಟ್ಟಿ ನೇತಾಡುತ್ತಿತ್ತು. ಅಮ್ಮು ಅಕ್ಕ ಅದನ್ನು ಅಂಗೈಯ ಮೇಲೆ ತೆಗೆದುಕೊಂಡರು. ಆಮೇಲೆ ಕೂತು ಚೀಲದ ಮಣ್ಣಿಗೆ ಎಣ್ಣೆ ಬಿಟ್ಟರು, ಅರಸಿನ ಇಟ್ಟರು, ನೀರು ಹೊಯ್ದರು. ನೀರು ಮಣ್ಣಿನಲ್ಲಿ ನಿಲ್ಲಲಿಲ್ಲ. ಚೀಲದ ಅಡಿಯಿಂದ ಹಾಗೆಯೇ ಹರಿದು ತಾರಸಿಯ ಕೊಳವೆಗೆ ಹೋಯಿತು.

"ಮಿಂದಾಯ್ತು" ಎಂದರು.

ಕಾಯಿಯನ್ನು ಬಿಸಿಲಲ್ಲಿಟ್ಟು ಒಣಗಿಸಿ ಒಡೆದು ನೋಡಿದೆವು. ಬಿತ್ತು ಇತ್ತು, ಒಳಗೆ ತಿರುಳಿರಲಿಲ್ಲ. ಉಗುರಿನಲ್ಲಿ ಒತ್ತಿದರೆ ಸಿಪ್ಪೆ ಮಾತ್ರ. ಅಮ್ಮು ಅಕ್ಕ ಒಂದೊಂದನ್ನೂ ಒತ್ತಿ ನೋಡಿದರು.

ಇಡೀ ಓಣಿಯಲ್ಲಿ ಹಸುರು ಉಳಿದದ್ದು ಪೂಜಾಶ್ರೀಯ ತಾರಸಿಯಲ್ಲಿ. ಅವಳು ಬಟ್ಟೆ ತೆಗೆಯುವ ನೆಪದಲ್ಲಿ ಹತ್ತಿ ದಿನಾ ನೀರು ಹಾಕಿದ್ದಳು. ಅವಳ ಅತ್ತೆ ಬೀದಿಗೆ ಕೇಳುವಂತೆ, "ಉಪ್ಪಳದಲ್ಲಿ ಕೆಡ್ಡಸ ಇಲ್ಲ ಅಂತ ಕಾಣ್ತದೆ, ಅಂಗಡಿ ಮಾತ್ರ ಉಂಟು" ಎಂದು ಚುಚ್ಚಿದರು. ಹುಡುಗಿ ಅಳುತ್ತ ಅಮ್ಮು ಅಕ್ಕನ ಮನೆಗೆ ಬಂದು, ನಾನು ನಿಮ್ಮ ಬಳ್ಳಿಗೂ ಒಂದು ಚೆಂಬು ಹಾಕಬೇಕಿತ್ತು, ಹೆದರಿಕೆ ಆಯ್ತು ಎಂದಳು. ಅಮ್ಮು ಅಕ್ಕ ಅವಳ ತಲೆ ಸವರಿ ಕಾಫಿ ಮಾಡಿ ಕೊಟ್ಟರು.

ಮುಂದಿನ ವಾರ ಬೇರೆ ವಾರ್ಡಿನವರು ನೋಡಲು ಬರುವುದಿತ್ತು. ಹರಿಣಾಕ್ಷಿ ಅದನ್ನು ನಿಲ್ಲಿಸಿದಳು. ಮತ್ತೆ ಅಂಗನವಾಡಿಯಲ್ಲಿ ಸಭೆ ಸೇರಿತು. ವೆಂಕಟಕೃಷ್ಣರು ಯಾರನ್ನೂ ಬೈಯಲಿಲ್ಲ. ಚೀಲದಲ್ಲಿ ಬೇರು ಎಷ್ಟು ಜಾಗದಲ್ಲಿರುತ್ತದೆ, ಸಿಮೆಂಟು ಎಷ್ಟು ಬಿಸಿಯಾಗುತ್ತದೆ ಎಂದು ಕೈ ಮಾಡಿ ತೋರಿಸಿ ಹೇಳಿದರು.

"ಇನ್ನೊಮ್ಮೆ ಚೀಲ ಕೊಡ್ಲಿಕ್ಕೆ ನಾನು ಮೇಲಿನವರ ಹತ್ತಿರ ಹೇಳ್ತೇನೆ. ಆದರೆ ಮುಂದಿನ ವರ್ಷ ಹೀಗೆ ಆಗುವುದಿಲ್ಲ ಅಂತ ನೀವು ಹೇಳ್ಬೇಕು. ಇಲ್ಲದಿದ್ದರೆ ಈ ವಾರ್ಡು ಬಿಟ್ಟು ಬೇರೆ ಕಡೆ ಸುರು ಮಾಡಬೇಕಾಗ್ತದೆ."

ಭುಜಂಗನ ಹೆಂಡತಿ, "ಮುಂದಿನ ವರ್ಷವೂ ಕೆಡ್ಡಸ ಬರ್ತದಲ್ಲ ಸಾರ್" ಎಂದಳು. ತಮಾಷೆಗೆ ಹೇಳಿದ್ದಲ್ಲ. ಆಫೀಸರು ಹೇಳಿದ್ದು ಎಲ್ಲರಿಗೂ ಅರ್ಥವಾಗಿತ್ತು. ಆದರೂ ಆ ದಿನ ಬಂದಾಗ ಚೆಂಬು ಎತ್ತಲು ಯಾರ ಕೈಯೂ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಹಾಕಬೇಡಿ ಎಂದವರೇ ಹಾಕಿ ಎನ್ನಬೇಕಿತ್ತು. ಹರಿಣಾಕ್ಷಿ ಅಮ್ಮು ಅಕ್ಕನ ಕಡೆ ನೋಡಿ ತಕ್ಷಣ ಮುಖ ತಿರುಗಿಸಿದಳು.

ಅಮ್ಮು ಅಕ್ಕ ಎದ್ದು ನಿಂತರು. ಸೆರಗು ಸರಿ ಮಾಡಿಕೊಂಡರು.

"ನೀರು ಹಾಕಿ" ಎಂದರು. "ಚೀಲದ್ದಕ್ಕೆ ಕೆಡ್ಡಸ ಇಲ್ಲ. ಅದು ಭೂಮಿ ಅಲ್ಲ."

"ಅಕ್ಕ, ನಿಮ್ಮ ಚೀಲದಲ್ಲಿರುವುದು ನಿಮ್ಮ ಹಿತ್ತಿಲಿನದ್ದೇ ಅಲ್ವಾ?" ಎಂದು ಹಿಂದಿನಿಂದ ಒಬ್ಬಳು ಕೇಳಿದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅವಳಿಗೆ ಖಾತ್ರಿ ಬೇಕಿತ್ತು.

ಅಮ್ಮು ಅಕ್ಕ ಅವಳ ಕಡೆ ತಿರುಗಿದರು.

"ಹಿತ್ತಿಲಿನಲ್ಲಿದ್ದಾಗ ಭೂಮಿ. ಈಗ ಅಲ್ಲ. ದೋಷ ಇದ್ದರೆ ನನಗಿರ್ಲಿ, ನೀವು ಹಾಕಿ."

ಇಷ್ಟು ಹೇಳಿ ಕೂತರು. ಹೊರಗೆ ಚಪ್ಪಲಿಗಳ ಹತ್ತಿರ ನಿಂತಿದ್ದ ವಾಸಪ್ಪಣ್ಣನಿಗೂ ಅದು ಕೇಳಿಸಿತ್ತು. ದಾರಿಯುದ್ದ ಅವರು ಒಂದು ತಮಾಷೆಯನ್ನೂ ಮಾಡಲಿಲ್ಲ. ಹೆಂಡತಿಯ ಕೈಯಿಂದ ಕೊಡೆ ತೆಗೆದುಕೊಂಡು ಅವರಿಗೇ ಹಿಡಿದುಕೊಂಡು ಬಂದರು.

ಯೋಜನೆ ನಮ್ಮಲ್ಲೇ ಉಳಿಯಿತು. ಹಬ್ಬದ ದಿನ, ಸೂತಕದ ದಿನ, ಯಾವ ದಿನವೂ ನೀರು ತಪ್ಪಬಾರದು ಎಂದು ಹರಿಣಾಕ್ಷಿ ಈಗ ಪ್ರತಿ ವಾರ್ಡಿಗೆ ಹೋಗಿ ಹೇಳುತ್ತಾಳೆ. ಮನೆಯಲ್ಲಿ ನೀರು ಹಾಕಲಾಗದಿದ್ದರೆ ಪಕ್ಕದ ಮನೆಯವರು ಹಾಕಬೇಕು ಎಂಬ ಏರ್ಪಾಡೂ ಮಾಡಿದ್ದಾರೆ. ಎರಡನೆಯ ಸಲ ಚೀಲ ಕೊಡುವಾಗ ಅಮ್ಮು ಅಕ್ಕನಿಗೂ ಕೊಡಲು ಬಂದರು. ಅವರು ಬೇಡವೆಂದರು.

ಆ ಬೇಸಗೆಯಲ್ಲಿ ಒಂದು ದಿನ ನನ್ನ ಮನೆಗೆ ಬಂದು, "ಈಶ್ವರಿ, ನಿನ್ನ ತೆಂಗಿನ ಬುಡಕ್ಕೆ ಸ್ವಲ್ಪ ಮಣ್ಣು ಬೇಕಾ?" ಎಂದು ಕೇಳಿದರು. ನನಗೆ ಬೇಕಾಗಿರಲಿಲ್ಲ. ಬೇಕು ಎಂದೆ. ವಾಸಪ್ಪಣ್ಣ ಮತ್ತು ಎದುರು ಮನೆಯವರು ಸೇರಿ ಚೀಲಗಳನ್ನು ಇಳಿಸಿ ತಂದರು. ಅಮ್ಮು ಅಕ್ಕ ಮಣ್ಣನ್ನು ಮರದ ಸುತ್ತ ಸುರಿದು ಕೈಯಿಂದಲೇ ಹರಡಿದರು. ಹರಡಿದ ಮೇಲೂ ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು.

"ಕೊಳೆಯದೆ ಉಳಿದ ಬಿತ್ತು ಒಂದಾದರೂ ಇದ್ದೀತು" ಎಂದರು. "ಮಳೆ ಬಂದರೆ ಗೊತ್ತಾಗ್ತದೆ."

ಮಳೆ ಬಂತು. ಆ ಮಳೆಗಾಲ ಅವರು ದಿನಾ ಬೆಳಿಗ್ಗೆ ಕೊಡೆ ಹಿಡಿದು ಬರುತ್ತಿದ್ದರು, ಬುಡವನ್ನು ಒಂದು ಸುತ್ತು ಬಗ್ಗಿ ನೋಡುತ್ತಿದ್ದರು, ನಾನು ಕೊಟ್ಟ ಕಾಫಿ ಕುಡಿದು ಹೋಗುತ್ತಿದ್ದರು. ನಾನೂ ಅವರು ಬರುವ ಮೊದಲೇ ಒಮ್ಮೆ ನೋಡಿ ಬರುತ್ತಿದ್ದೆ. ಮೊಳೆತದ್ದೆಲ್ಲ ತಗತೆ ಸೊಪ್ಪು. ಹಿತ್ತಿಲಿನಲ್ಲಿ ಯಾವಾಗಲೋ ಉದುರಿದ್ದ ಬೀಜ ಇರಬೇಕು. ಆಟಿ, ಅಂದರೆ ಆಷಾಢದ ಸುಮಾರಿನ ತಿಂಗಳಲ್ಲಿ ಅದನ್ನೇ ಕೊಯ್ದು ಇಬ್ಬರೂ ಪಲ್ಯ ಮಾಡಿ ತಿಂದೆವು. ಪಡುವಲ ಬರಲಿಲ್ಲ. ಆಟಿ ಕಳೆದ ಮೇಲೆ ಅವರು ಬೆಳಿಗ್ಗೆ ಬರುವುದನ್ನು ನಿಲ್ಲಿಸಿದರು.

ಮರು ವರ್ಷ ಕೆಡ್ಡಸದಲ್ಲಿ ಓಣಿಯ ಎಲ್ಲ ತಾರಸಿಗಳಿಂದಲೂ ನೀರು ಹಾಕುವ ಸದ್ದು ಕೇಳಿಸಿತು. ಮೀಯಾಣದ ಬೆಳಿಗ್ಗೆ ಅಮ್ಮು ಅಕ್ಕ ಎಣ್ಣೆಯ ಬಟ್ಟಲು ಹಿಡಿದು ನನ್ನಲ್ಲಿಗೆ ಬಂದರು. ತೆಂಗಿನ ಬುಡದಲ್ಲಿ ಕೂತು ಎಣ್ಣೆ ಬಿಟ್ಟರು, ಅರಸಿನ ಇಟ್ಟರು, ನೀರು ಹೊಯ್ದರು. ಈ ಸಲ ನೀರು ಹರಿದು ಹೋಗಲಿಲ್ಲ, ನಿಧಾನವಾಗಿ ಇಳಿಯಿತು. ಇಳಿದು ಮುಗಿಯುವವರೆಗೂ ಅವರು ನೋಡುತ್ತಿದ್ದರು.

"ಕುಡಿದಳು" ಎಂದರು.

ಅದೇ ವರ್ಷದ ಮಳೆಗಾಲದಲ್ಲಿ ಅಮ್ಮು ಅಕ್ಕ ತೀರಿಹೋದರು. ಜ್ವರ ಎಂದು ಮಲಗಿದವರು ಏಳಲಿಲ್ಲ. ವಾಸಪ್ಪಣ್ಣ ಈಗ ಅಮ್ಮು ಅಕ್ಕನ ತಮ್ಮನ ಮಕ್ಕಳ ಜೊತೆ ಮುಳ್ಳೇರಿಯದಲ್ಲಿದ್ದಾರೆ. ಹೋಗುವಾಗ ಖಾಲಿ ಭರಣಿ ನನಗೆ ಕೊಟ್ಟು, "ಇದರಲ್ಲಿ ಉಪ್ಪಿನಕಾಯಿ ಹಾಕು. ಖಾಲಿ ಇಟ್ಟರೆ ನೋಡ್ಲಿಕ್ಕೆ ಆಗುವುದಿಲ್ಲ" ಎಂದರು. ನಾನು ಮಾವಿನ ಮಿಡಿ ಹಾಕಿದ್ದೇನೆ.

ಈ ಸಲದ ಕೆಡ್ಡಸಕ್ಕೆ ಎಣ್ಣೆ ಬಿಟ್ಟವಳು ನಾನು. ಎದುರಿನ ತಾರಸಿಯಿಂದ ಪೂಜಾಶ್ರೀ, ಕೈಯಲ್ಲಿ ನೀರಿನ ಪೈಪು ಹಿಡಿದವಳು, "ಅಕ್ಕ, ನಾನೂ ಬರ್ಲಾ?" ಎಂದು ಕೇಳಿದಳು. ಮೊದಲು ಗಿಡಕ್ಕೆ ನೀರು ಹಾಕಿ ಮುಗಿಸು, ಆಮೇಲೆ ಬಾ ಎಂದೆ. ಅವಳು ಬಂದು ಪಕ್ಕದಲ್ಲಿ ಕೂತಳು. ಅರಸಿನ ಅವಳ ಕೈಯಿಂದಲೇ ಇಡಿಸಿದೆ. ಇದು ಯಾವ ಮಣ್ಣು ಎಂದು ಅವಳಿಗೂ ಗೊತ್ತಿತ್ತು, ಇಳಿಸಿ ತಂದವರಲ್ಲಿ ಅವಳ ಮನೆಯವರೂ ಇದ್ದರು. ಇಬ್ಬರೂ ನೀರು ಇಳಿಯುವವರೆಗೆ ಕೂತಿದ್ದೆವು.